ಕಿತ್ತೂರಿನ ಎಕ್ಸ್‌ಚೇಂಜು, ಮೋಡೆಮ್ಮಿನ ಹಾಡು

ಬೆಳಗಾವಿಯ ರವಿವಾರ ಪೇಟೆಯಲ್ಲಿ ಇಂದು ಹೋಲ್‌ಸೇಲ್ ಅಂಗಡಿಯ ದರ, ಬಿಲ್ಲು, ಪಾವತಿ ಎಲ್ಲವೂ ಮೊಬೈಲಿನಲ್ಲೇ ಮುಗಿಯುತ್ತವೆ. ಇಪ್ಪತ್ತು ವರ್ಷಗಳಿಗೂ ಹಿಂದೆ ಇಂಟರ್‌ನೆಟ್ ಬೇಕೆಂದರೆ ಮೊದಲು ಮನೆಯ ಫೋನು ಖಾಲಿ ಇರಬೇಕಿತ್ತು. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್‌ಗೆಂದು 172222 ತಿರುಗಿಸಿದರೆ ಮೋಡೆಮ್ ಕೀರಲು ದನಿಯಲ್ಲಿ ಕೂಗಿ, ಕರಕರ ಸದ್ದು ಮಾಡಿ, ತಟ್ಟನೆ ಸುಮ್ಮನಾಗುತ್ತಿತ್ತು. ಆ ಸದ್ದಿನ ಜಾಡು ಹಿಡಿದರೆ ಸಿಗುವ ಊರು, ಪೇಟೆಯಿಂದ ಧಾರವಾಡದ ದಾರಿಯಲ್ಲಿ ಸುಮಾರು 50 ಕಿ.ಮೀ. ದೂರದ ಕಿತ್ತೂರು.

ಫೋನಿನ ತಂತಿ ಎಳೆದದ್ದು ಮಾತಿಗಾಗಿ. 300ರಿಂದ 3400 ಹರ್ಟ್ಸ್‌ವರೆಗಿನ ದನಿಗಷ್ಟೇ ಅದರಲ್ಲಿ ಜಾಗ. ಕಂಪ್ಯೂಟರಿನ ಸೊನ್ನೆ, ಒಂದುಗಳನ್ನು ಮೋಡೆಮ್ ಈ ಇಕ್ಕಟ್ಟಿನೊಳಗೆ ದನಿಯಾಗಿಸಿ ಕಳಿಸಿತು. 1962ರ ಬೆಲ್ 103 ಮೋಡೆಮ್‌ನಲ್ಲಿ ಕರೆ ಮಾಡಿದವರ ಸೊನ್ನೆ 1070 ಹರ್ಟ್ಸ್, ಒಂದು 1270. ಉತ್ತರಿಸುವವರಿಗೆ 2025 ಮತ್ತು 2225. ಸ್ವರಗಳು ಬೇರೆಯಾದ್ದರಿಂದ ಒಂದೇ ಜೋಡಿ ತಂತಿಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಬಹುದಿತ್ತು. ವೇಗ ಮಾತ್ರ ಸೆಕೆಂಡಿಗೆ 300 ಬಿಟ್! ಮುಂದೆ ಅಲೆಯ ಎತ್ತರವನ್ನೂ ಹಂತವನ್ನೂ ಒಟ್ಟಿಗೆ ಬದಲಿಸುವ ಜಾಣ್ಮೆ ಬಂದು, ವೇಗ 33,600ಕ್ಕೆ ಏರಿತು. ಆರಂಭದ ಆ ಕೂಗಾಟವೆಲ್ಲ ಎರಡು ಮೋಡೆಮ್‌ಗಳು ತಂತಿಯ ಗುಣ ಪರೀಕ್ಷಿಸಿ, ಎಷ್ಟು ವೇಗ ಸಾಧ್ಯವೆಂದು ಒಪ್ಪಂದಕ್ಕೆ ಬರುವ ಸದ್ದು.

33,600ಕ್ಕಿಂತ ಮೇಲೇರಲು ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜೇ ಬದಲಾಗಬೇಕಿತ್ತು. 1984ರಲ್ಲಿ ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಹಳ್ಳಿಗಳಿಗೆಂದು 128 ಪೋರ್ಟುಗಳ ಸಣ್ಣ ಡಿಜಿಟಲ್ ಎಕ್ಸ್‌ಚೇಂಜ್ ಕಟ್ಟಿತು. ಎ.ಸಿ. ಇಲ್ಲದೆಯೇ ನಮ್ಮ ಧೂಳು, ಸೆಕೆಗಳಲ್ಲಿ ಓಡಬೇಕೆಂಬುದು ಅದರ ಹಟ. ಅಂಥ ಮೊದಲ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿದ್ದು ದಿಲ್ಲಿಯಲ್ಲಲ್ಲ, ಬೆಂಗಳೂರಲ್ಲೂ ಅಲ್ಲ. 1986ರ ಜುಲೈನಲ್ಲಿ, ನಮ್ಮ ಕಿತ್ತೂರಿನಲ್ಲಿ.

ಡಿಜಿಟಲ್ ಎಕ್ಸ್‌ಚೇಂಜ್ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತದೆ. ದಾರಿಯುದ್ದಕ್ಕೂ ಇಂಥ ಎಕ್ಸ್‌ಚೇಂಜುಗಳೇ ಸಿಕ್ಕರೆ ಮೋಡೆಮ್ ಅದರಲ್ಲಿ 7 ಬಿಟ್ ಬಳಸಬಹುದು. 8000 ಗುಣಿಸು 7, ಅಂದರೆ 56,000. ಡಬ್ಬಿಯ ಮೇಲೆ ಅಚ್ಚಾಗಿದ್ದ '56ಕೆ'ಯ ಗುಟ್ಟು ಇದೇ. ನಡುವೆ ಒಂದು ಹಳೆಯ ಎಕ್ಸ್‌ಚೇಂಜ್ ಸಿಕ್ಕರೂ ಆ ವೇಗ ಕೈತಪ್ಪುತ್ತಿತ್ತು.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ತಾಮ್ರದ ತಂತಿ ಅದೇ. ಆದರೆ ಡೇಟಾ ಮಾತಿನ ಮಿತಿಗಿಂತ ಮೇಲಿನ ಕಂಪನಗಳಿಗೆ ಹತ್ತಿತು. ಹಾಡು ನಿಂತುಹೋಯಿತು.

ಕಿತ್ತೂರು ಉತ್ಸವದಲ್ಲಿ ರಾಣಿ ಚನ್ನಮ್ಮನ 1824ರ ಗೆಲುವನ್ನು ನೆನೆಯುವಾಗ 1986ರ ಈ ಎಕ್ಸ್‌ಚೇಂಜಿಗೂ ಒಂದು ಫಲಕ ಇರಲಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಮೋಡೆಮ್ ಇದ್ದರೆ ಗುಜರಿಗೆ ಹಾಕಬೇಡಿ. ಹತ್ತಿರದ ಶಾಲೆಗೆ ಕೊಡಿ.