ಶೆಲ್ಲುಗಳ ಸತ್ವಪರೀಕ್ಷೆ

ನಮ್ಮ ಊರುಗಳ ಕಡೆ “ಬ್ಯಾಟರಿ ತಾ” ಎಂದರೆ ಟಾರ್ಚು ತಾ ಎಂದು ಅರ್ಥ. ಅದರ ಹೊಟ್ಟೆಯಲ್ಲಿ ಕೂಡುವ ವಸ್ತುವಿಗೆ ‘ಶೆಲ್ಲು’ ಎಂಬ ಬೇರೆ ಹೆಸರುಂಟು. ಶೆಲ್ಲಿನ ಕಸುವು ಇಳಿದಾಗ ಅದನ್ನು ಅಂಗಳದ ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ದುಡಿಸಿಕೊಳ್ಳುವ ಜಾಣತನ ನಮ್ಮ ಹಿರಿಯರಲ್ಲಿತ್ತು. ಅದು ಬರಿಯ ನಂಬಿಕೆಯಲ್ಲ. ಸ್ವಲ್ಪ ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ. ಆದರೆ ಶೆಲ್ಲಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ಕೇಳಿದರೆ ಯಾರಲ್ಲಿಯೂ ಉತ್ತರವಿರಲಿಲ್ಲ. ಬೆಳಕು ಕೆಂಪಗಾಯಿತೇ, ಮುಗಿಯಿತು.

ಇಂದು ಮುಂಬಯಿಯಲ್ಲಿರುವ ನಮ್ಮ ಎರಡು ಕೋಣೆಯ ಮನೆಗಳಲ್ಲಿ ಶೆಲ್ಲು ಬೇಡುವ ಸಾಮಾನುಗಳನ್ನು ಒಮ್ಮೆ ಎಣಿಸಿ ನೋಡಿ. ಟಿ.ವಿ.ಯ ರಿಮೋಟು, ಗೋಡೆಯ ಗಡಿಯಾರ, ಮಕ್ಕಳ ಆಟಿಕೆ, ಕಂಪ್ಯೂಟರಿನ ಮೌಸು, ಟಾರ್ಚು, ವಯಸ್ಸಾದವರಿರುವ ಮನೆಯಲ್ಲಿ ರಕ್ತದೊತ್ತಡ ನೋಡುವ ಯಂತ್ರ. ಇಷ್ಟಾದರೂ ನಮ್ಮ ವಿಧಾನ ಮಾತ್ರ ಹಳೆಯದೇ: ನಡೆಯದಿದ್ದರೆ ಎಲ್ಲ ಶೆಲ್ಲುಗಳನ್ನೂ ತೆಗೆದು ಕಸದ ಬುಟ್ಟಿಗೆ ಹಾಕುವುದು. ತಪ್ಪು ಯಾವುದರದು ಎಂದು ವಿಚಾರಿಸುವ ಪದ್ಧತಿಯಿಲ್ಲ. ಆ ವಿಚಾರಣೆಯನ್ನು ಮಾಡಿಕೊಡುವ ನಾಲ್ಕು ಖಾನೆಯ ಚಾರ್ಜರೊಂದು ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿದೆ. ಅದರ ಪರಿಚಯವನ್ನು ವಾಚಕರಿಗೆ ಮಾಡಿಕೊಡಬೇಕೆಂದೇ ಈ ಲೇಖನ.

ಶೆಲ್ಲುಗಳ ಜಾತಿ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸತುವಿನ ಶೆಲ್ಲು ಮತ್ತು ಆಲ್ಕಲೈನ್ ಶೆಲ್ಲು ಒಂದು ಸಲ ದುಡಿದು ಮುಗಿಯುವಂಥವು. ಮತ್ತೆ ಮತ್ತೆ ತುಂಬಬಹುದಾದ ಶೆಲ್ಲುಗಳು ಬೇರೆ. ಅವುಗಳಲ್ಲಿ ಹಳೆಯದಾದ ನಿಕೆಲ್-ಕ್ಯಾಡ್ಮಿಯಂ ಶೆಲ್ಲನ್ನು ಸ್ವೀಡನ್ ದೇಶದ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದನು. ಕ್ಯಾಡ್ಮಿಯಂ ವಿಷಲೋಹ, ಆದುದರಿಂದ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಅದರ ಸ್ಥಾನಕ್ಕೆ ನಿಕೆಲ್-ಮೆಟಲ್ ಹೈಡ್ರೈಡ್ ಶೆಲ್ಲು ಬಂದಿತು. ಇದಕ್ಕೂ ಒಂದು ದುರ್ಗುಣವಿತ್ತು. ತುಂಬಿ ಕಪಾಟಿನಲ್ಲಿಟ್ಟರೆ ಕೆಲವು ವಾರಗಳಲ್ಲಿಯೇ ತಾನಾಗಿ ಸೋರಿ ಬಡವಾಗುತ್ತಿತ್ತು. 2005ರಲ್ಲಿ ಜಪಾನಿನ ಸಾನ್ಯೋ ಕಂಪನಿ ‘ಎನೆಲೂಪ್’ ಎಂಬ ಹೆಸರಿನಿಂದ, ಒಂದು ವರ್ಷ ಸುಮ್ಮನಿದ್ದರೂ ಶಕ್ತಿಯ ಬಹುಪಾಲನ್ನು ಉಳಿಸಿಕೊಳ್ಳುವ ಶೆಲ್ಲನ್ನು ಪೇಟೆಗೆ ತಂದಿತು. ಆ ಹೆಸರು ಈಗ ಪ್ಯಾನಾಸೋನಿಕ್ ಕಂಪನಿಯ ವಶದಲ್ಲಿದೆ. ಅದೇ ಗುಣದ ಶೆಲ್ಲುಗಳನ್ನು ಬೇರೆಯವರೂ ಮಾರುತ್ತಾರೆ.

ಈ ಶೆಲ್ಲಿನ ಮೇಲೆ 1.2 ವೋಲ್ಟು ಎಂದು ಬರೆದಿರುವುದನ್ನು ಕಂಡು ಕೆಲವರು ಹಿಂಜರಿಯುತ್ತಾರೆ; ಸಾಮಾನ್ಯ ಶೆಲ್ಲಿನದು 1.5 ಅಲ್ಲವೇ? ನಿಜ. ಆದರೆ ಸಾಮಾನ್ಯ ಶೆಲ್ಲು ದುಡಿದಂತೆಲ್ಲ ಇಳಿಯುತ್ತ ಹೋಗುತ್ತದೆ. ಇದು ಹೆಚ್ಚು ಕಡಮೆ ಕೊನೆಯವರೆಗೂ 1.2ರ ಸುತ್ತಲೇ ನಿಂತು ಕೆಲಸ ಮಾಡುತ್ತದೆ.

ಅಳತೆಯ ಗುಟ್ಟು

ಅಗ್ಗದ ಚಾರ್ಜರುಗಳಲ್ಲಿ ಹಲವು, ಶೆಲ್ಲುಗಳನ್ನು ಎರಡೆರಡಾಗಿ ಜೋಡಿಸಿ ಗಂಟೆಯ ಲೆಕ್ಕದಲ್ಲಿ ತುಂಬುತ್ತವೆ. ಅರ್ಧ ಉಂಡವನಿಗೂ ಹಸಿದು ಬಂದವನಿಗೂ ಒಂದೇ ಅಳತೆಯಲ್ಲಿ ಬಡಿಸಿದಂತೆ ಆಗುತ್ತದೆ ಅದು. ಒಬ್ಬನಿಗೆ ಅಜೀರ್ಣ, ಇನ್ನೊಬ್ಬನಿಗೆ ಅರೆಹೊಟ್ಟೆ. ನಮ್ಮ ಚಾರ್ಜರಿನಲ್ಲಿ ಒಂದೊಂದು ಖಾನೆಯೂ ಸ್ವತಂತ್ರ. ಹೈಡ್ರೈಡ್ ಶೆಲ್ಲು ತುಂಬುತ್ತಿರುವಾಗ ಅದರ ವೋಲ್ಟು ಏರುತ್ತದೆ. ಹೊಟ್ಟೆ ತುಂಬಿದ ಕ್ಷಣಕ್ಕೆ ಕೆಲವೇ ಮಿಲಿವೋಲ್ಟಿನಷ್ಟು ತಗ್ಗುತ್ತದೆ. ಆ ತಗ್ಗನ್ನು ಗುರುತಿಸಿ, ಜೊತೆಗೆ ಶಾಖವನ್ನೂ ಗಮನಿಸಿ, ಯಂತ್ರವು ಆ ಖಾನೆಯನ್ನು ಮಾತ್ರ ನಿಲ್ಲಿಸುತ್ತದೆ.

ಇಷ್ಟೇ ಆಗಿದ್ದರೆ ಅದು ಒಳ್ಳೆಯ ಚಾರ್ಜರು ಅನ್ನಿಸಿಕೊಳ್ಳುತ್ತಿತ್ತು, ಪರೀಕ್ಷಕ ಅಲ್ಲ. ಪರೀಕ್ಷೆ ನಡೆಯುವುದು ತುಂಬುವಾಗಲ್ಲ, ಖಾಲಿ ಮಾಡುವಾಗ. ಒಂದು ಪೀಪಾಯಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ತಿಳಿಯಬೇಕಾದರೆ, ಕಂಠಪೂರ್ತಿ ತುಂಬಿ, ಆಮೇಲೆ ಕೊಡದಿಂದ ಎಣಿಸುತ್ತ ಬರಿದು ಮಾಡಬೇಕು. ಯಂತ್ರ ಮಾಡುವುದೂ ಅದನ್ನೇ. ಶೆಲ್ಲನ್ನು ಪೂರ್ತಿ ತುಂಬುತ್ತದೆ. ಒಂದಿಷ್ಟು ಹೊತ್ತು ವಿಶ್ರಾಂತಿ ಕೊಡುತ್ತದೆ. ಬಳಿಕ 500 ಮಿಲಿಯಾಂಪಿಯರಿನ ಒಂದೇ ಸಮನಾದ ಧಾರೆಯಲ್ಲಿ, ವೋಲ್ಟು ಸುಮಾರು 0.9ಕ್ಕೆ ಇಳಿಯುವವರೆಗೆ ಬರಿದುಮಾಡುತ್ತದೆ. ನಾಲ್ಕು ಗಂಟೆ ಹಿಡಿಯಿತೆನ್ನಿ. 500ನ್ನು ನಾಲ್ಕರಿಂದ ಗುಣಿಸಿದರೆ 2000 ಮಿಲಿಯಾಂಪಿಯರ್-ಗಂಟೆ. ಅದೇ ಶೆಲ್ಲಿನ ಸತ್ವ. ಕೊನೆಗೆ ಮತ್ತೊಮ್ಮೆ ತುಂಬಿ, ಅಂಕಿಯನ್ನು ಕಿರುಪರದೆಯ ಮೇಲೆ ತೋರಿಸುತ್ತದೆ. ರಾತ್ರಿ ಊಟ ಮುಗಿಸಿ ಇಟ್ಟರೆ ಬೆಳಗಿನ ತಿಂಡಿಯ ಹೊತ್ತಿಗೆ ಫಲಿತಾಂಶ ಸಿದ್ಧ.

ಬಹುಕಾಲ ಸುಮ್ಮನೆ ಬಿದ್ದಿದ್ದ ಶೆಲ್ಲಿಗೆ ಇನ್ನೊಂದು ದೀರ್ಘ ಚಿಕಿತ್ಸೆಯುಂಟು. ಅದರ ಸತ್ವದ ಹತ್ತರಲ್ಲೊಂದು ಪಾಲಿನ ಸಣ್ಣ ಧಾರೆಯಲ್ಲಿ 16 ಗಂಟೆ ತುಂಬಿ, ವಿಶ್ರಾಂತಿ ಕೊಟ್ಟು, ಖಾಲಿ ಮಾಡಿ, ಮತ್ತೆ 16 ಗಂಟೆ ತುಂಬುವುದು. ಶುಕ್ರವಾರ ಸಂಜೆ ಕಚೇರಿಯಿಂದ ಬಂದು ಇಟ್ಟರೆ ಮುಗಿಯುವುದು ಭಾನುವಾರ. ಜಡ್ಡುಗಟ್ಟಿದ ಶೆಲ್ಲುಗಳಲ್ಲಿ ಕೆಲವು ಇದರಿಂದ ಚೇತರಿಸಿಕೊಳ್ಳುತ್ತವೆ. ನಿಜವಾಗಿ ಮುಪ್ಪಾದದ್ದಕ್ಕೆ ಯಾವ ಚಿಕಿತ್ಸೆಯೂ ಇಲ್ಲ.

ನಾಲ್ವರು ಹೊತ್ತ ಪಲ್ಲಕ್ಕಿ

ಈ ಅಂಕಿಗಳಿಂದ ಮನೆಗೆ ಏನು ಉಪಯೋಗ ಎಂದು ಕೇಳುವವರಿಗೆ ನಮ್ಮ ತಾಯಿಯವರ ಪ್ರಸಂಗವನ್ನು ಹೇಳಬೇಕು. ಅವರಿಗೆ ರಕ್ತದೊತ್ತಡವಿದೆ. ದಿನವೂ ಎರಡು ಹೊತ್ತು ಯಂತ್ರದಿಂದ ನೋಡಿ, ಪುಸ್ತಕದಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಬೇಕು. ಗುಳಿಗೆಯ ಪ್ರಮಾಣ ಅದರ ಮೇಲೆ ನಿಂತಿದೆ. ಒಮ್ಮೆ ಯಂತ್ರವು ತೋಳಪಟ್ಟಿಯನ್ನು ಅರ್ಧ ಉಬ್ಬಿಸಿ ಕಣ್ಣು ಮುಚ್ಚತೊಡಗಿತು. ಶೆಲ್ಲುಗಳು ಹಿಂದಿನ ದಿನವೇ ತುಂಬಿಸಿದವು; ವೋಲ್ಟು ನೋಡಿದರೆ ನಾಲ್ಕೂ ಒಂದೇ ಸಮ. ಅಂಗಡಿಯವರು, ಪಂಪು ಕೆಟ್ಟಿದೆ, ಹೊಸ ಯಂತ್ರವೇ ಗತಿ ಎಂದರು. ತಾಯಿಯವರ ಪುಸ್ತಕದಲ್ಲಿ ನಾಲ್ಕು ದಿನ ಬರಿದಾಗಿ ಉಳಿದವು. “ಸಾಕು ಬಿಡೋ ತಮ್ಮಾ, ಇಷ್ಟು ದಿನ ಇದಿಲ್ಲದ ಬದುಕಿಲ್ಲೇನು?” ಎಂದು ಅವರು ನೋಡುವುದನ್ನೇ ಬಿಡುವ ಮಾತಾಡಿದರು. ನಮಗೆ ಅಂಜಿಕೆಯಾದದ್ದು ಈ ಮಾತಿನಿಂದ.

ಆ ರಾತ್ರಿ ನಾಲ್ಕೂ ಶೆಲ್ಲುಗಳನ್ನು ಪರೀಕ್ಷೆಗೆ ಇಟ್ಟೆವು. ಬೆಳಿಗ್ಗೆ ಬಂದ ಅಂಕಿಗಳು: 1840, 1810, 1790, ಮತ್ತು 420. ಯಂತ್ರಕ್ಕೆ ಯಾವ ರೋಗವೂ ಇರಲಿಲ್ಲ. ನಾಲ್ಕನೆಯದನ್ನು ತೆಗೆದು, ಸರಿಸಮನಾದ ಇನ್ನೊಂದನ್ನು ಹಾಕಿದೊಡನೆ ಪಟ್ಟಿ ಗಟ್ಟಿಯಾಗಿ ಉಬ್ಬಿತು. “ನಾಲ್ವರೊಳಗ ಒಬ್ಬ ಮೈಗಳ್ಳ ಇದ್ದರ ಹಿಂಗ ನೋಡು” ಎಂದು ತಾಯಿಯವರು ತೀರ್ಪು ಕೊಟ್ಟರು.

ತೀರ್ಪು ಶಾಸ್ತ್ರಸಮ್ಮತವಾಗಿಯೇ ಇದೆ. ಇಂಥ ಯಂತ್ರಗಳಲ್ಲಿ ಶೆಲ್ಲುಗಳು ಸಾಮಾನ್ಯವಾಗಿ ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ. ಒಂದೇ ಧಾರೆ ನಾಲ್ಕರಲ್ಲಿಯೂ ಹರಿಯಬೇಕು. ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಕುಸಿದರೆ ಮಿಕ್ಕ ಮೂವರ ಬಲ ಎಷ್ಟಿದ್ದರೇನು, ಮೆರವಣಿಗೆ ನಿಂತಿತು. ಅಷ್ಟೇ ಅಲ್ಲ, ಬಲವುಳ್ಳ ಮೂರೂ ತಮ್ಮ ಧಾರೆಯನ್ನು ಬರಿದಾದ ಶೆಲ್ಲಿನೊಳಗೆ ಬಲವಂತವಾಗಿ ನೂಕುತ್ತವೆ. ಅದರ ಧನ-ಋಣಗಳು ತಲೆಕೆಳಗಾಗಿ ಅದು ಇನ್ನಷ್ಟು ಹಾಳಾಗುತ್ತದೆ. ತುಂಬಿದ ಮೇಲೆ ವೋಲ್ಟು ಮಾತ್ರ ನೋಡಿದರೆ ಮುದಿಶೆಲ್ಲೂ ಹೊಸದರಂತೆಯೇ ಕಾಣುತ್ತದೆ. ಗಡಿಗೆಯ ಬಾಯವರೆಗೆ ನೀರಿದೆ ಎಂಬುದು ಅದರಿಂದ ತಿಳಿದೀತು. ಗಡಿಗೆ ಎಷ್ಟು ದೊಡ್ಡದು ಎಂಬುದು ತಿಳಿಯದು.

ಶೆಲ್ಲಿಗೂ ಸರ್ವಿಸ್ ಬುಕ್ಕು

ಗುಮಾಸ್ತಿಕೆಯ ಅಭ್ಯಾಸ ಮನೆಯಲ್ಲಿಯೂ ಬಿಡುವುದಿಲ್ಲ. ನಮ್ಮ ಪ್ರತಿಯೊಂದು ಶೆಲ್ಲಿನ ಮೇಲೂ ಶಾಯಿಯಿಂದ ಸಂಖ್ಯೆ ಬರೆದಿದೆ. ಒಂದು ನೋಟುಪುಸ್ತಕದಲ್ಲಿ ಅದು ಕೆಲಸಕ್ಕೆ ಸೇರಿದ ತಾರೀಖು, ಮೊದಲ ಅಳತೆ, ಮೂರು ತಿಂಗಳಿಗೊಮ್ಮೆ ತೆಗೆದ ಅಳತೆ ಎಲ್ಲ ದಾಖಲಾಗಿವೆ. “ಅಲ್ರೀ, ಇದಕ್ಕೂ ಒಂದು ಸರ್ವಿಸ್ ಬುಕ್ಕಾ?” ಎಂದು ಮನೆಯವರು ನಗುತ್ತಾರೆ. ನಗಲಿ. ನಿಯಮ ಸರಳವಾಗಿದೆ. ಲೇಬಲ್ಲಿನ ಅಂಕಿಯ ನೂರಕ್ಕೆ 80ಕ್ಕಿಂತ ಮೇಲಿದ್ದವಕ್ಕೆ ರಕ್ತದೊತ್ತಡದ ಯಂತ್ರ, ಟಾರ್ಚುಗಳಂಥ ಜವಾಬ್ದಾರಿಯ ಹುದ್ದೆ. 80ರಿಂದ 60ರವರೆಗೆ ರಿಮೋಟು, ಮೌಸುಗಳ ಹಗುರ ಕೆಲಸ. ಅದಕ್ಕೂ ಕೆಳಗಿಳಿದರೆ ನಿವೃತ್ತಿ. ಒಂದು ಯಂತ್ರಕ್ಕೆ ಹಾಕುವ ಶೆಲ್ಲುಗಳು ಒಂದೇ ಅಳತೆಯ ಸರೀಕರಾಗಿರಬೇಕು. ಹೊಸದರ ಜೊತೆಗೆ ಹಳೆಯದನ್ನು ಕೂಡಿಸಬಾರದು.

ಎಚ್ಚರಿಕೆಯ ಮಾತುಗಳೂ ಕೆಲವು ಇವೆ. ಸತುವಿನ ಶೆಲ್ಲನ್ನಾಗಲಿ ಆಲ್ಕಲೈನ್ ಶೆಲ್ಲನ್ನಾಗಲಿ ಈ ಚಾರ್ಜರಿನಲ್ಲಿ ಇಡಲೇಬಾರದು, ಸೋರೀತು, ಒಡೆದೀತು. ಲಿಥಿಯಂ ಶೆಲ್ಲಿನ ಕುಲವೇ ಬೇರೆ. ಸೋನಿ ಕಂಪನಿ 1991ರಲ್ಲಿ ಪೇಟೆಗೆ ತಂದ ಆ ವಂಶದ ಶೆಲ್ಲು ಸಾಮಾನ್ಯವಾಗಿ 4.2 ವೋಲ್ಟಿನವರೆಗೆ ತುಂಬುವಂಥದು. ಅದಕ್ಕೆಂದೇ ಮಾಡಿದ ಚಾರ್ಜರು ಬೇಕು, ತುಂಬುವಾಗ ಹತ್ತಿರ ಎಚ್ಚರವಿರುವ ಮನುಷ್ಯ ಬೇಕು. ಬಿಸಿಲಿಗಿಡುವ ಹಳೆಯ ಉಪಾಯ ಇವುಗಳಿಗೆ ಸಲ್ಲದು. ಶಾಖವೇ ಇವುಗಳ ಆಯುಷ್ಯವನ್ನು ತಿನ್ನುತ್ತದೆ. ಗೋಡೆಯ ಗಡಿಯಾರಕ್ಕೆ ಸಾಮಾನ್ಯ ಶೆಲ್ಲೇ ಸಾಕು. ಅದು ಕುಡಿಯುವುದು ಹನಿಯಷ್ಟು. ವೈದ್ಯಕೀಯ ಯಂತ್ರಗಳಲ್ಲಿ ಮರುಚಾರ್ಜಿನ ಶೆಲ್ಲು ಹಾಕಬಹುದೇ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಯೇ ಹಾಕಬೇಕು.

ನಿವೃತ್ತವಾದ ಶೆಲ್ಲು ಕಸದ ಬುಟ್ಟಿಗೆ ಹೋಗತಕ್ಕದ್ದಲ್ಲ. ಅಡ್ಡಗೀಟು ಹಾಕಿದ ಕಸದ ತೊಟ್ಟಿಯ ಚಿತ್ರ ಎಷ್ಟೋ ಶೆಲ್ಲುಗಳ ಮೇಲೆಯೇ ಇರುತ್ತದೆ. ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಒಂದು ಡಬ್ಬಿಯಲ್ಲಿ ಕೂಡಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಮುಟ್ಟಿಸಿದರಾಯಿತು.

ಖರ್ಚಿನ ಲೆಕ್ಕ

ವಿದ್ಯುತ್ತಿನ ಖರ್ಚು ನಗಣ್ಯ. 2000 ಮಿಲಿಯಾಂಪಿಯರ್-ಗಂಟೆಯ ನಾಲ್ಕು ಶೆಲ್ಲುಗಳು ಹಿಡಿಯುವುದು 10 ವ್ಯಾಟ್-ಗಂಟೆಗೂ ಕಡಮೆ. ಸೋರಿಕೆಗೆಂದು ಅದರ ಇಮ್ಮಡಿ ಹಿಡಿದರೂ ಒಂದು ಯೂನಿಟ್ಟಿನಲ್ಲಿ 50 ಸಲ ತುಂಬಬಹುದು. ಖರ್ಚಿರುವುದು ಯಂತ್ರಕ್ಕೆ, ಸಾಮಾನ್ಯ ಚಾರ್ಜರಿನ ಹಲವು ಪಟ್ಟು ಬೆಲೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ಲಜಪತರಾಯ್ ಮಾರ್ಕೆಟ್ಟುಗಳಲ್ಲಿ ವಿಚಾರಿಸಿ ನೋಡಬಹುದು. ಒಂದೊಂದು ಖಾನೆಗೂ ಬೇರೆ ಅಂಕಿ ತೋರಿಸುತ್ತದೆಯೇ, ಖಾಲಿ ಮಾಡಿ ಅಳೆಯುತ್ತದೆಯೇ, ಈ ಎರಡನ್ನು ಕೇಳದೆ ಕೊಳ್ಳಬೇಡಿ.

ನಾಲ್ಕಾರು ಶೆಲ್ಲುಗಳ ಮನೆಗೆ ಇಂಥ ಯಂತ್ರ ಭಾರವೇ ಸರಿ. ಆದರೆ ಪರೀಕ್ಷೆ ದಿನನಿತ್ಯದ ಕೆಲಸವಲ್ಲ. ಒಂದು ಮನೆಗೆ ಮೂರು ತಿಂಗಳಿಗೆ ಒಂದೆರಡು ರಾತ್ರಿ ಸಾಕು. ಹತ್ತು ಮನೆಗಳ ನಡುವೆ ಒಂದಿದ್ದರೂ ಎಲ್ಲರ ಕೆಲಸ ನಡೆದೀತು. ನಮ್ಮ ಸಂಘಗಳಿಗೂ ಇದರಿಂದ ಉಪಕಾರವುಂಟು. ರಾಜ್ಯೋತ್ಸವದ ನಾಟಕದಲ್ಲಿ ನಾಯಕನ ತಂತಿಯಿಲ್ಲದ ಮೈಕು ನಡುವೆಯೇ ಮೂಕವಾಗಬಾರದೆಂದು ಪ್ರತಿ ಸಲವೂ ಹೊಸ ಶೆಲ್ಲು ಹಾಕಿ, ಎರಡು ಮೂರು ಗಂಟೆ ದುಡಿಸಿ ಎಸೆಯುವುದು ಎಲ್ಲ ಕಡೆಯೂ ಕಾಣುವ ನೋಟ. ಅದರ ಬದಲು ಎಂಟು ಒಳ್ಳೆಯ ಶೆಲ್ಲು, ಒಂದು ಪರೀಕ್ಷಕ ಚಾರ್ಜರು, ಒಂದು ನೋಟುಪುಸ್ತಕ ಸಂಘದ ಕಪಾಟಿನಲ್ಲಿರಲಿ. ಗ್ರಂಥಾಲಯದ ಪುಸ್ತಕದಂತೆ ಸದಸ್ಯರು ಸರದಿಯಿಂದ ಮನೆಗೆ ಒಯ್ದು, ತಮ್ಮ ಶೆಲ್ಲುಗಳನ್ನು ಅಳೆದು, ಅಂಕಿ ಬರೆದು ಹಿಂದಿರುಗಿಸಲಿ. ಮೊದಲ ಸರದಿ ವಯಸ್ಸಾದವರಿರುವ ಮನೆಗಳಿಗೆ ಸಲ್ಲಬೇಕು.