ಕ್ರೆಡಿಟ್ ಕಾರ್ಡಿನ ಆಯ್ಕೆ

1950ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಡೈನರ್ಸ್ ಕ್ಲಬ್ಬಿನ ಕಾರ್ಡು, ಉಂಡ ಊಟದ ಹಣವನ್ನು ಅನಂತರ ತೆರುವ ಅನುಕೂಲವಾಗಿತ್ತು. ಇಂದು ಬ್ಯಾಂಕುಗಳು ಕ್ರೆಡಿಟ್ ಕಾರ್ಡಿನೊಡನೆ ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿ, ಪೆಟ್ರೋಲಿನ ರಿಯಾಯಿತಿ ಮುಂತಾದ ಆಮಿಷಗಳನ್ನೂ ಒಡ್ಡುತ್ತವೆ. ವಿಮಾನವನ್ನೇ ಏರದವನಿಗೆ ಆ ಕೊಠಡಿಯಿಂದ ಲಾಭವೇನು? ವರ್ಷಕ್ಕೆ 1,000 ರೂಪಾಯಿ ಶುಲ್ಕವಿರುವ ಕಾರ್ಡು ಖರ್ಚಿನಲ್ಲಿ ನೂರಕ್ಕೆ 1 ರೂಪಾಯಿಯನ್ನು ಹಿಂದಿರುಗಿಸುವುದಾದರೆ, ಶುಲ್ಕವನ್ನು ಸರಿದೂಗಿಸಲಿಕ್ಕೇ 1,00,000 ರೂಪಾಯಿ ವೆಚ್ಚವಾಗಬೇಕು!

ಇವೆಲ್ಲಕ್ಕಿಂತ ಮುಖ್ಯವಾದುದು ಬಡ್ಡಿಯ ದರ. ಗಡುವಿನೊಳಗೆ ಪೂರ್ತಿ ಹಣ ಕಟ್ಟಿದವನಿಗೆ ಖರೀದಿಯ ಮೇಲೆ ಬಡ್ಡಿಯಿಲ್ಲ. 'ಕನಿಷ್ಠ ಮೊತ್ತ'ವನ್ನಷ್ಟೇ ಕಟ್ಟಿ ನಿಶ್ಚಿಂತನಾದವನಿಗಾದರೋ ಹಳೆಯ ಬಾಕಿಯ ಮೇಲೆ ಮಾತ್ರವಲ್ಲದೆ ಹೊಸ ಖರೀದಿಯ ಮೇಲೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಎಂದರೆ ಅಲ್ಪವೆನಿಸೀತು. ವರ್ಷಕ್ಕೆ ಅದು 42 ರೂಪಾಯಿ. ಆಮಿಷಗಳ ಪಟ್ಟಿಯಲ್ಲಿ ಈ ಅಂಕಿ ಕಾಣಸಿಗದು. ನಿಬಂಧನೆಗಳ ಹಾಳೆಯಲ್ಲಿ ಹುಡುಕಿ ಓದಬೇಕು.