ಶಾಸ್ತ್ರೀಜಿಗೆ ನೀವೇ ಸಲಹೆ ಕೊಡಿ!

ಇತಿಹಾಸ ಅಂದರೆ ಸಾಕು, ಮಕ್ಕಳು ಮುಖ ಸಿಂಡರಿಸುತ್ತಾರೆ. ಇಸವಿಗಳನ್ನು ಉರು ಹೊಡೆಯೋದು, ಪರೀಕ್ಷೆ ಮುಗಿದ ಮರುದಿನ ಮರೆಯೋದು! ಅದಕ್ಕೇ ರಜೆಯಲ್ಲಿ ನಮ್ಮ ಮನೆ ಮಕ್ಕಳಿಗೆ ಒಂದು ಆಟ ಆಡಿಸುತ್ತೇನೆ. ಕಾಸಿನ ಖರ್ಚಿಲ್ಲ. ಐದು ಮಕ್ಕಳು, ಐದು ಚೀಟಿ ಇದ್ದರಾಯಿತು.

ಇಸವಿ 1965. ಚೀಟಿ ಎತ್ತಿದವರಲ್ಲಿ ಒಬ್ಬರು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ. ಉಳಿದವರು ಸಲಹೆಗಾರರು: ಆಹಾರ ಮಂತ್ರಿ, ಹಣಕಾಸು ಮಂತ್ರಿ, ರೈತ, ಗೃಹಿಣಿ. ಪರಿಸ್ಥಿತಿಯನ್ನು ನಾವು ಹೇಳಬೇಕು. ಮಳೆ ಕೈಕೊಟ್ಟಿದೆ. ಪಾಕಿಸ್ತಾನದ ಜೊತೆ ಯುದ್ಧ ಈಗಷ್ಟೇ ನಿಂತಿದೆ. ಅಮೆರಿಕ ಪಿ.ಎಲ್. 480 ಯೋಜನೆಯ ಗೋಧಿಯನ್ನು ಸ್ವಲ್ಪ ಸ್ವಲ್ಪವೇ ಕಳಿಸುತ್ತಿದೆ. ಈಗೇನು ಮಾಡೋಣ? ಅಮೆರಿಕವನ್ನೇ ನೆಚ್ಚಿಕೊಳ್ಳೋದೇ? ಮೆಕ್ಸಿಕೋದ ಹೊಸ ಗೋಧಿ ಬೀಜ ತರಿಸೋದೇ? ಜನರಿಗೆ ಒಂದು ಹೊತ್ತು ಊಟ ಬಿಡಿ ಅನ್ನೋದೇ?

ಮುಂದೇನಾಯಿತು ಅಂತ ಮೊದಲೇ ಬಾಯಿ ಬಿಡಬೇಡಿ. ಆಗಿನವರಿಗೂ ಅದು ಗೊತ್ತಿರಲಿಲ್ಲ ತಾನೆ!

ನಮ್ಮನೆಯಲ್ಲಿ ಹಣಕಾಸು ಮಂತ್ರಿಯಾದ ಮಗ, "ಬೀಜಕ್ಕೆ ಡಾಲರ್ ಬೇಕು, ಗೊಬ್ಬರಕ್ಕೂ ಡಾಲರ್ ಬೇಕು. ಎಲ್ಲಿಂದ ತರಲಿ?" ಅಂದ. ರೈತನಾದವನು, "ಈ ಬೀಜ ನಮ್ಮ ಮಣ್ಣಿಗೆ ಒಗ್ಗದಿದ್ದರೆ?" ಅಂತ ಹಟ ಹಿಡಿದ. ಊಟ ಬಿಡುವ ಮಾತು ಬಂದಾಗ ಗೃಹಿಣಿಯಾಗಿದ್ದ ನಾದಿನಿಯ ಮಗಳು ಕೇಳಿದಳು: "ಕೂಲಿಯವರು ಈಗಲೇ ಒಪ್ಪೊತ್ತು ಉಣ್ತಾರಲ್ಲ ಅತ್ತೆ, ಅವರು ಯಾವ ಊಟ ಬಿಡಬೇಕು?" ಯಾರೂ ತುಟಿ ಬಿಚ್ಚಲಿಲ್ಲ. ಯಾವ ಸಲಹೆ ಕೊಟ್ಟರೂ ಅದರ ಹೊರೆ ಯಾರದೋ ತಲೆ ಮೇಲೆ ಬೀಳುತ್ತೆ ಅನ್ನೋದು ಮಕ್ಕಳಿಗೆ ತಿಳಿದದ್ದು ಆಗಲೇ.

ಎಲ್ಲರೂ ಸಲಹೆ ಕೊಟ್ಟು, ಪ್ರಧಾನಿ ತೀರ್ಮಾನ ಹೇಳಿದ ಮೇಲೆ ನಡೆದದ್ದನ್ನು ಹೇಳಿ. ಶಾಸ್ತ್ರೀಜಿ ಸೋಮವಾರ ರಾತ್ರಿಯ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು. ಹೊಸ ಬೀಜ ತರಿಸಬೇಕೆಂದ ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ಅವರ ಬೆನ್ನಿಗೂ ನಿಂತರು. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಮೆಕ್ಸಿಕೋದಿಂದ 18,000 ಟನ್ ಬೀಜ ಬಂತು. ಆದರೂ ಆ ವರ್ಷ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. 1968ರಲ್ಲಿ ಮಾತ್ರ ಗೋಧಿ ಎಷ್ಟು ಬೆಳೆಯಿತೆಂದರೆ, ಕೆಲವೆಡೆ ಶಾಲೆ ಮುಚ್ಚಿ ಮೂಟೆ ಪೇರಿಸಿದರು!

ಕಥೆಯನ್ನು ಅಲ್ಲಿಗೇ ಮುಗಿಸಬೇಡಿ. ಆ ಬೆಳೆಗೆ ನೀರು, ಗೊಬ್ಬರ ಹೆಚ್ಚು ಬೇಕು. ಪಂಜಾಬಿನಲ್ಲಿ ಅಂತರ್ಜಲ ಇಳಿಯುತ್ತಿದೆ. ಹಸಿವು ನೀಗಿಸಿದ ತೀರ್ಮಾನಕ್ಕೂ ಮುಂದೆ ತೆರಬೇಕಾದ ಬೆಲೆ ಇತ್ತು ಅನ್ನೋದೂ ಮಕ್ಕಳಿಗೆ ತಿಳಿಯಲಿ.

ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಆಟಕ್ಕೆ ಕರೆದು ಕೂರಿಸಿಕೊಳ್ಳಿ. ಆ ಸೋಮವಾರಗಳ ನೆನಪು ಅವರಿಗೆ ಇದ್ದೀತು. ಈ ರಜೆಯಲ್ಲಿ ಆಡಿಸಿ ನೋಡಿ. ನಿಮ್ಮನೆ ಶಾಸ್ತ್ರೀಜಿ ಏನು ತೀರ್ಮಾನಿಸಿದರು ಅಂತ ನಮಗೂ ಬರೆಯಿರಿ.